ಎಲೆ ಹಳದಿಯಾದರೆ ಮೊದಲು ಬೇರು ನೋಡಿ

ಪಾಲಕ್ ಹಳದಿಯಾದರೆ ಯೂರಿಯಾ ಕೊಡಿ ಎಂದು ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಅಷ್ಟು ಸುಲಭ ಅಲ್ಲ ಸರ್. ನಮ್ಮದು ಮಾಲೂರು ಕಡೆ, ಅರ್ಧ ಎಕರೆ ಸೊಪ್ಪು. ಹೋದ ಮಳೆಗಾಲದಲ್ಲಿ ನಾನೂ ಸುಮ್ನೆ ಯೂರಿಯಾ ಎರಚಿದೆ. ಮಡಿ ಇನ್ನೂ ಜಾಸ್ತಿ ಬಾಡಿತು. ಆಮೇಲೆ ಗಿಡ ಕಿತ್ತು ನೋಡಿದರೆ ಬೇರು ಕಂದಾಗಿತ್ತು. ಬೆರಳಲ್ಲಿ ಎಳೆದರೆ ಸಿಪ್ಪೆ ಜಾರಿ ಒಳಗಿನ ದಾರ ಮಾತ್ರ ಉಳಿಯುತ್ತಿತ್ತು. ಅದು ಪಿಥಿಯಂ ಎಂಬ ರೋಗಾಣುವಿನಿಂದ ಬರುವ ಬೇರು ಕೊಳೆ ರೋಗ. ಬೇರಲ್ಲಿ ಗಂಟು ಗಂಟು ಇದ್ದರೆ ಅದು ಜಂತುಹುಳು (ಬೇರಿಗೆ ಹತ್ತುವ ಸೂಕ್ಷ್ಮ ಹುಳು, ನೆಮಟೋಡ್), ಬೇರೆ ಕಥೆ.

ಅಂಗಡಿಯವರು ಕೊಟ್ಟಿದ್ದು ಕಾರ್ಬೆಂಡಜಿಮ್ ಎಂಬ ಶಿಲೀಂಧ್ರನಾಶಕ. ಪಿಥಿಯಂ ನಿಜವಾದ ಶಿಲೀಂಧ್ರವೇ ಅಲ್ಲ. ಅದರ ಬೀಜಕಣಗಳು ನೀರಲ್ಲಿ ಈಜಿಕೊಂಡು ಬೇರಿಗೆ ಹೋಗಿ ಅಂಟುತ್ತವೆ. ಅದಕ್ಕೆ ಈ ಔಷಧಿ ನಾಟುವುದಿಲ್ಲ. ಅದೂ ಅಲ್ಲದೆ ತಿಂಗಳಿಗೇ ಕೊಯ್ಯುವ ಸೊಪ್ಪಿಗೆ ವಿಷ ಸುರಿದು ಯಾರಿಗೆ ತಿನ್ನಿಸುವುದು, ಅಲ್ವಾ?

ಈಗ ಮಡಿ ಎತ್ತರಿಸಿದ್ದೇನೆ. ಬೀಜ ಒತ್ತೊತ್ತಾಗಿ ಚೆಲ್ಲುವುದಿಲ್ಲ. ಬಿತ್ತುವ ಮೊದಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರಕ್ಕೆ ಟ್ರೈಕೋಡರ್ಮಾ (ರೋಗಾಣು ತಡೆಯುವ ಉಪಕಾರಿ ಶಿಲೀಂಧ್ರ) ಬೆರೆಸಿ ಹಾಕುತ್ತೇನೆ. ತಗ್ಗಿನ ಎರಡು ಮಡಿಯಲ್ಲಿ ಮಾತ್ರ ಈಗಲೂ ರೋಗ ಬರುತ್ತದೆ. ಅಲ್ಲಿ ನೀರು ನಿಲ್ಲುತ್ತದೆ.