ನಮ್ಮೂರು ವಾಪಸ್ ಕಳಿಸಿದ ಮರಿಯಮ್

ಮಂಗಳೂರಿನ ಕ್ರೈಸ್ತರ ಮನೆಗಳ ಗೋಡೆಯಲ್ಲಿ ಮದರ್ ತೆರೇಸಾ ಇದ್ದಾರೆ, ಕೇರಳದ ಅಲ್ಫೋನ್ಸಾ ಇದ್ದಾರೆ. ಇದೇ ಊರಿನಲ್ಲಿ ಬದುಕಿ, ಇಲ್ಲೇ ವ್ರತ ತೊಟ್ಟ ಒಬ್ಬ ಸಿಸ್ಟರ್ 2015ರ ಮೇ 17ರಂದು ಸಂತ ಪದವಿಗೇರಿದರು. ಹೆಸರು ಹೇಳಿದರೆ ಈಗಲೂ ಬಹಳ ಮಂದಿ ‘ಯಾರು ಅದು?’ ಅಂತಾರೆ. ಇಲ್ಲೇ ಹುಟ್ಟಿ, ಸಿಸ್ಟರ್‌ಗಳ ಶಾಲೆಯಲ್ಲೇ ಓದಿದ ನನಗೂ ಅವತ್ತಿನವರೆಗೆ ಗೊತ್ತಿರಲಿಲ್ಲ.

ಮರಿಯಮ್ ಬವಾರ್ದಿ. 1846ರಲ್ಲಿ ಪ್ಯಾಲೆಸ್ತೀನಿನ ಗಲಿಲಾಯದ ಇಬಿಲ್ಲಿನ್ ಎಂಬ ಹಳ್ಳಿಯಲ್ಲಿ ಹುಟ್ಟಿದ ಅರಬ್ ಹುಡುಗಿ. ಹನ್ನೆರಡು ಗಂಡುಮಕ್ಕಳನ್ನು ಒಬ್ಬೊಬ್ಬರಾಗಿ ಮಣ್ಣು ಮಾಡಿದ ಅಪ್ಪ ಅಮ್ಮ ಬೆತ್ಲೆಹೇಮಿಗೆ ನಡೆದುಕೊಂಡೇ ಹೋಗಿ ಹರಕೆ ಹೊತ್ತು ಪಡೆದ ಮಗಳು. ಆಕೆಗೆ ಮೂರು ತುಂಬುವ ಮೊದಲೇ ಇಬ್ಬರೂ ತೀರಿಕೊಂಡರು. ಚಿಕ್ಕಪ್ಪನ ಮನೆಯವರು ಮದುವೆ ಗೊತ್ತು ಮಾಡಿದಾಗ ಹುಡುಗಿ ತನ್ನ ಕೂದಲು ಕತ್ತರಿಸಿಕೊಂಡಳು. ಅಲ್ಲಿಂದ ಅವಳ ಬಾಳು ಅಡುಗೆಮನೆಗೆ ಬಿತ್ತು. 1858ರಲ್ಲಿ ಈಜಿಪ್ಟಿನ ಅಲೆಕ್ಸಾಂಡ್ರಿಯಾದಲ್ಲಿ ಒಬ್ಬ ಆಳು ಮತ ಬಿಡು ಎಂದು ಪೀಡಿಸಿದ. ಒಪ್ಪದಿದ್ದಾಗ ಕುತ್ತಿಗೆ ಕುಯ್ದು ಗಲ್ಲಿಯಲ್ಲಿ ಬಿಸಾಡಿ ಹೋದ. ಅದು ನಾವಿಲ್ಲಿ ಮಕ್ಕಳ ಕೈಯಲ್ಲಿ ಹೂವಿನ ಬುಟ್ಟಿ ಕೊಟ್ಟು ಮೊಂತಿ ಹಬ್ಬಕ್ಕೆ, ಅಂದರೆ ಸೆಪ್ಟೆಂಬರ್ 8ರ ಮಾತೆ ಮರಿಯಳ ಹುಟ್ಟುಹಬ್ಬಕ್ಕೆ, ತಯಾರಾಗುವ ಸಮಯ. ಹೇಗೋ ಬದುಕಿಕೊಂಡಳು. ಗಂಟಲಿನ ಗಾಯದ ಗುರುತೂ ಒಡೆದ ದನಿಯೂ ಸಾಯುವವರೆಗೆ ಉಳಿದವು.

ಆಮೇಲೆ ಜೆರುಸಲೇಮ್, ಬೈರೂತ್, ಮಾರ್ಸೇಲ್ಸ್. ಎಲ್ಲ ಕಡೆ ಮನೆಕೆಲಸ. ಮಾರ್ಸೇಲ್ಸ್‌ನ ಒಂದು ಸನ್ಯಾಸಿನಿ ಸಭೆಯ ಸಿಸ್ಟರ್‌ಗಳು ಆಕೆಯನ್ನು ಸೇರಿಸಿಕೊಳ್ಳಲು ಒಪ್ಪಲಿಲ್ಲ. ಆಗ ಕೈ ಹಿಡಿದು ಫ್ರಾನ್ಸಿನದೇ ಪೋ ಊರಿನ, ಏಕಾಂತ ಪ್ರಾರ್ಥನೆಯಲ್ಲಿ ಬದುಕುವ ಸಿಸ್ಟರ್‌ಗಳ ಕಾರ್ಮೆಲ್ ಮಠಕ್ಕೆ ಕರೆದೊಯ್ದವರು ಮದರ್ ವೆರೋನಿಕಾ. ನಮ್ಮ ಸಂತ ಆ್ಯನ್ಸ್, ಸಂತ ಆ್ಯಗ್ನೆಸ್ ವಿದ್ಯಾಸಂಸ್ಥೆಗಳನ್ನು ನಡೆಸುವ ಅಪೊಸ್ತಲಿಕ್ ಕಾರ್ಮೆಲ್ ಸಭೆಯನ್ನು ಕಟ್ಟಿದವರು ಅವರೇ. ಓದು ಬರಹ ಹತ್ತದ ಮರಿಯಮ್, ಲ್ಯಾಟಿನ್ ಪ್ರಾರ್ಥನೆ ಹಾಡುವವರ ಸಾಲು ಬೇಡ, ಅಡುಗೆ, ಬಟ್ಟೆ, ತೋಟ ನೋಡಿಕೊಳ್ಳುವವರ ಸಾಲೇ ಸಾಕು ಎಂದು ಕೇಳಿಕೊಂಡರು.

1870ರಲ್ಲಿ ಭಾರತದ ಮೊದಲ ಕಾರ್ಮೆಲ್ ಮಠ ಕಟ್ಟಲು ಮಂಗಳೂರಿಗೆ ಹೊರಟ ಗುಂಪಿನಲ್ಲಿ ಆಕೆಯೂ ಇದ್ದರು. ದಾರಿಯಲ್ಲೇ ಮೂವರು ಸಿಸ್ಟರ್‌ಗಳು ಸತ್ತರು. 1871ರ ನವೆಂಬರ್ 21ರಂದು ಮರಿಯಮ್ ಇಲ್ಲಿ ವ್ರತ ತೊಟ್ಟರು. ಮರುವರ್ಷ ನಮ್ಮವರು ಅವರನ್ನು ಫ್ರಾನ್ಸಿಗೆ ವಾಪಸ್ ಕಳಿಸಿದರು.

ನನ್ನ ಸಂಕಟ ಇಲ್ಲಿದೆ. ಆಕೆ ಧ್ಯಾನದಲ್ಲಿ ಮೈಮರೆಯುತ್ತಿದ್ದರು, ಕೈಕಾಲಲ್ಲಿ ಯೇಸುವಿನ ಗಾಯಗಳು ಕಾಣಿಸಿಕೊಳ್ಳುತ್ತಿದ್ದವು. ಮೊದಲು ಬೆನ್ನಿಗೆ ನಿಂತಿದ್ದವರಿಗೇ, ಬಿಷಪ್ ಸಮೇತ, ಇದು ಭ್ರಮೆಯೋ ಸೈತಾನನ ಆಟವೋ ಎಂಬ ಅನುಮಾನ ಬಂತು. ಅನುಮಾನ ಪಟ್ಟಿದ್ದು ತಪ್ಪು ಅಂತ ನಾನು ಹೇಳುವುದಿಲ್ಲ. ಇಂಥದ್ದನ್ನು ಚರ್ಚು ಪರೀಕ್ಷಿಸಲೇಬೇಕು. ಆದರೆ ಕಥೆ ಹೇಳುವಾಗ ನಾವು ‘ಮಂಗಳೂರಿನಲ್ಲಿ ವ್ರತ ತೊಟ್ಟ ಸಂತರು’ ಅಂತ ಹೆಮ್ಮೆಪಟ್ಟು, 1872ನ್ನು ಒಂದೇ ಸಾಲಿನಲ್ಲಿ ದಾಟಿಬಿಡುತ್ತೇವೆ. ಅಷ್ಟು ದೂರದಿಂದ ಬಂದು, ಸಂಗಡಿಗರನ್ನು ಕಳೆದುಕೊಂಡು, ಕೊನೆಗೆ ನಂಬಿದವರಿಂದಲೇ ಹೊರಬಿದ್ದ 26 ವರ್ಷದ ಹೆಣ್ಣುಮಗಳು ಹಡಗು ಹತ್ತಿದ ದಿನವನ್ನೂ ಹೇಳಬೇಡವೇ?

ಅಮ್ಮನಿಗೆ ಇದನ್ನೆಲ್ಲ ಓದಿ ಹೇಳಿದೆ. ನನ್ನ ಶಾಲೆಯ ಫೀಸು ಕಟ್ಟಲು ಮೂವತ್ತು ವರ್ಷ ಇನ್ನೊಬ್ಬರ ಮನೆಯ ಪಾತ್ರೆ ತಿಕ್ಕಿದವಳು ಅವಳು. ಗಾಯ, ಪವಾಡ ಯಾವುದೂ ಅವಳ ಕಿವಿಗೆ ಬೀಳಲಿಲ್ಲ. ತೆಂಗಿನ ನಾರು ಕೈಯಲ್ಲೇ ಹಿಡಿದು, ‘ಕೆಲಸದವಳಾ? ನಮ್ಮ ಹಾಗೆ?’ ಅಂತ ಕೇಳಿದಳು. ಹೌದು ಅಂದೆ. ನಲ್ಲಿ ನಿಲ್ಲಿಸಿ, ‘ಮೊದಲಿಂದ ಹೇಳು’ ಅಂದಳು.

ಕೊನೆಯನ್ನೂ ಹೇಳಿದೆ. 1875ರಲ್ಲಿ ಮರಿಯಮ್ ಬೆತ್ಲೆಹೇಮಿಗೆ ಹೋದರು. ಅಲ್ಲಿ ಮಠ ಕಟ್ಟುವಾಗ ಕೆಲಸಗಾರರ ಭಾಷೆ ಬರುತ್ತಿದ್ದುದು ಆಕೆಗೇ. 1878ರ ಆಗಸ್ಟ್‌ನ ಸುಡುಬಿಸಿಲಿನಲ್ಲಿ ಆ ಕೆಲಸಗಾರರಿಗೆ ಕುಡಿಯುವ ನೀರು ಒಯ್ಯುವಾಗ ಜಾರಿ ಬಿದ್ದು ತೋಳು ಮುರಿಯಿತು. ಗಾಯ ಕೊಳೆತು, 26ನೇ ತಾರೀಕು ಪ್ರಾಣ ಹೋಯಿತು. ಆಗಿನ್ನೂ 32. ತನ್ನನ್ನು ‘ಏನೂ ಅಲ್ಲದವಳು’ ಅಂತ ಕರೆದುಕೊಳ್ಳುತ್ತಿದ್ದವರು.

ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಕೇಳಿದಳು: ‘ಆ ಕೆಲಸದವರಿಗೆ ನೀರು ಸಿಕ್ಕಿತಾ?’