ಒಂದೇ ಕ್ಲಿಕ್ಕಿನಲ್ಲಿ ಕನ್ಯಾದಾನ

ಆಷಾಢ ಬಂದೊಡನೆ ತುಮಕೂರಿನ ಕಲ್ಯಾಣಮಂಟಪಗಳು ಬಾಗಿಲು ಹಾಕಿಕೊಳ್ಳುತ್ತವೆ, ಆಲ್ಬಮ್ ಸಾಫ್ಟ್‌ವೇರ್ ಮಾರುವವರು ಬ್ಯಾಗು ಬಿಚ್ಚುತ್ತಾರೆ. ಲಗ್ನವಿಲ್ಲದ ತಿಂಗಳಲ್ಲಿ ಛಾಯಾಗ್ರಾಹಕನು ಪಾಸ್‌ಪೋರ್ಟ್ ಫೋಟೋ ಕತ್ತರಿಸುತ್ತಾ ಕೂತಿರುತ್ತಾನೆ ಎಂಬುದೂ, ವೈಶಾಖದಲ್ಲಿ ಮುಗಿದ ಮದುವೆಗಳ ಆಲ್ಬಮ್ಮನ್ನು ಇನ್ನೂ ಕೊಡದೆ ಹೆಣ್ಣಿನ ಕಡೆಯವರ ಫೋನು ಬಂದರೆ ಎತ್ತಲು ಅಂಜುತ್ತಿರುತ್ತಾನೆ ಎಂಬುದೂ ಅವರಿಗೆ ಚೆನ್ನಾಗಿ ಗೊತ್ತು. ಇಂಥವನ ಎದುರು ನಿಂತು ‘ನಲವತ್ತು ಶೀಟಿನ ಆಲ್ಬಮ್ ಐದೇ ನಿಮಿಷದಲ್ಲಿ’ ಎಂದರೆ ಸಾಕು, ಬೆಲೆಯನ್ನು ಆಮೇಲೆ ಹೇಳಿದರೂ ನಡೆಯುತ್ತದೆ.

ಸ್ಟುಡಿಯೋ ಇಟ್ಟುಕೊಂಡಿರುವ ನನ್ನ ಸ್ನೇಹಿತರು ಈ ಸಲ ಇಂಥದೊಂದು ಪ್ರಾತ್ಯಕ್ಷಿಕೆಗೆ ನನ್ನನ್ನೂ ಕರೆದೊಯ್ದರು. ಬಿ.ಎಚ್. ರಸ್ತೆಯ ಹೋಟೆಲೊಂದರ ಮಹಡಿಯಲ್ಲಿ ಜಿಲ್ಲೆಯ ನಾನಾ ತಾಲ್ಲೂಕುಗಳ ಛಾಯಾಗ್ರಾಹಕರು ಸೇರಿದ್ದರು. ಬೆಂಗಳೂರಿನಿಂದ ಬಂದಿದ್ದ ಯುವಕನು ಪರದೆಯ ಮೇಲೆ ಒಂದು ಮದುವೆಯನ್ನು ತೆರೆದನು. ಸಮುದ್ರದ ದಂಡೆ, ಬಿಳಿ ಗೌನು ತೊಟ್ಟ ವಧು, ಕಪ್ಪು ಕೋಟಿನ ವರ, ಒಟ್ಟು ಅತಿಥಿಗಳು ಹನ್ನೆರಡು ಮಂದಿ. ಒಂದು ಗುಂಡಿ ಒತ್ತಿದನು. ನಾವು ಕಾಫಿ ಕುಡಿದು ಲೋಟ ಕೆಳಗಿಡುವಷ್ಟರಲ್ಲಿ ಆಲ್ಬಮ್ ಸಿದ್ಧವಾಗಿತ್ತು. ಸಭೆ ಚಪ್ಪಾಳೆ ತಟ್ಟಿತು. ಹನ್ನೆರಡು ಮಂದಿ ಬಂದು ಹೋದ ಮದುವೆಗೆ ಆಲ್ಬಮ್ ಮಾಡಲು ಸಾಫ್ಟ್‌ವೇರ್ ಏಕೆ ಬೇಕು ಎಂದು ಯಾರೂ ಕೇಳಲಿಲ್ಲ.

ನನ್ನ ಸ್ನೇಹಿತರ ಜೇಬಿನಲ್ಲಿ ಒಂದು ಪೆನ್‌ಡ್ರೈವ್ ಇತ್ತು, ಅದರಲ್ಲಿ ಕೊರಟಗೆರೆ ಕಡೆಯ ಮದುವೆಯೊಂದರ ಮೂರು ಸಾವಿರ ಚಿತ್ರಗಳಿದ್ದವು. “ಇದನ್ನೊಂದು ಹಾಕಿ ನೋಡೋಣವೇ?” ಎಂದು ಅವರು ವಿನಯದಿಂದಲೇ ಕೇಳಿದರು. ಯುವಕನ ಮುಖದ ನಗು ಒಂದು ಕ್ಷಣ ತಡೆದು ನಿಂತು, ಬಳಿಕ ಮತ್ತೆ ಮುಂದುವರಿಯಿತು.

ಸಾಫ್ಟ್‌ವೇರ್ ಮೊದಲು ಕಣ್ಣುಗಳನ್ನು ಪರೀಕ್ಷಿಸಿತು. ಕಣ್ಣು ಮುಚ್ಚಿದ ಚಿತ್ರಗಳನ್ನು ತಾನಾಗಿಯೇ ತೆಗೆದುಹಾಕುವುದು ಅದರ ದೊಡ್ಡ ಗುಣವಂತೆ. ಧಾರೆಯ ಹೊತ್ತಿನಲ್ಲಿ ನಮ್ಮ ಕಡೆಯ ಹುಡುಗಿ ಕಣ್ಣು ತಗ್ಗಿಸಿಯೇ ಕೂರುತ್ತಾಳೆ. ಧಾರೆ ಎರೆಯುವಾಗ ತಾಯಿಯ ಕಣ್ಣು ತುಂಬಿ ಮುಚ್ಚಿರುತ್ತದೆ, ಹೋಮದ ಹೊಗೆಗೆ ಪುರೋಹಿತರ ಕಣ್ಣೂ ಮುಚ್ಚಿರುತ್ತದೆ. ಹೀಗಾಗಿ ಧಾರೆಯೆಂಬ ಧಾರೆಯೇ ಆಲ್ಬಮ್ಮಿನಿಂದ ಹೊರಬಿತ್ತು. ಕಣ್ಣು ಅಗಲಿಸಿ ನೇರವಾಗಿ ಕ್ಯಾಮೆರಾ ನೋಡುತ್ತಿದ್ದವನು ಓಲಗದವರ ಪಕ್ಕ ನಿಂತಿದ್ದ ಒಬ್ಬ ಹುಡುಗ ಮಾತ್ರ, ಅವನಿಗೆ ಪೂರ್ತಿ ಒಂದು ಪುಟ ದೊರೆಯಿತು.

ಆಮೇಲೆ ಅದು ಬಣ್ಣವನ್ನು ತಿದ್ದಿತು. ಚಿತ್ರದಲ್ಲಿ ಒಂದೇ ಬಣ್ಣ ಮೇಲುಗೈ ಪಡೆದಿದ್ದರೆ ಬೆಳಕಿನಲ್ಲಿ ದೋಷವಿದೆಯೆಂದು ಊಹಿಸಿ, ಅದರ ಎದುರು ಬಣ್ಣವನ್ನು ಬೆರೆಸಿ ಸರಿದೂಗಿಸುವುದು ಇಂಥ ಯಂತ್ರಗಳ ಲೆಕ್ಕಾಚಾರ. ಅರಿಶಿನ ಶಾಸ್ತ್ರವನ್ನು ಅದು ಬೆಳಕಿನ ದೋಷವೆಂದೇ ತಿಳಿಯಿತು. ಐವರು ಮುತ್ತೈದೆಯರು ಕೂಡಿ ಹಚ್ಚಿದ್ದ ಅರಿಶಿನವನ್ನು ಅದೊಂದೇ ಅರೆ ನಿಮಿಷದಲ್ಲಿ ತೊಳೆದು, ಹುಡುಗಿಯನ್ನು ಸುಣ್ಣ ಬಳಿದ ಗೋಡೆಯ ಹಾಗೆ ನಿಲ್ಲಿಸಿತು.

ಇವೆಲ್ಲವನ್ನೂ ಸಹಿಸಿಕೊಳ್ಳಬಹುದಿತ್ತು. ನಿಜವಾದ ಅನಾಹುತ ಆರತಕ್ಷತೆಯಲ್ಲಿ ನಡೆಯಿತು. ನಮ್ಮಲ್ಲಿ ಆರತಕ್ಷತೆಯ ಚಿತ್ರಗಳು ಹೇಗಿರುತ್ತವೆಂದು ಎಲ್ಲರಿಗೂ ಗೊತ್ತು: ವಧೂವರರು ನಿಂತ ಜಾಗ ಬದಲಾಗದು, ಹಿಂದಿನ ಹೂವಿನ ಅಲಂಕಾರ ಬದಲಾಗದು, ನಗುವೂ ಮೊದಲ ಒಂದು ಗಂಟೆಯ ಬಳಿಕ ಬದಲಾಗದು, ಬದಲಾಗುವುದು ಸಾಲಿನಲ್ಲಿ ಬಂದು, ಕವರು ಕೊಟ್ಟು, ಒಂದು ಕ್ಷಣ ನಿಂತು ಹೋಗುವವರ ಮುಖ ಮಾತ್ರ. ಒಂದೇ ತೆರನಾದ ಚಿತ್ರಗಳನ್ನು ಪತ್ತೆಹಚ್ಚಿ ನಕಲುಗಳೆಂದು ಕೈಬಿಡುವ ಸಾಫ್ಟ್‌ವೇರ್, ಮುನ್ನೂರು ಚಿತ್ರಗಳಲ್ಲಿ ಇಪ್ಪತ್ತನ್ನು ಉಳಿಸಿಕೊಂಡು ಮಿಕ್ಕವರೆಲ್ಲ ನಕಲು ನೆಂಟರೆಂದು ತೀರ್ಮಾನಿಸಿತು. ಹುಡುಗನ ಸೋದರಮಾವ ನಕಲು. ಮಧುಗಿರಿಯ ದೊಡ್ಡಮ್ಮನ ಇಡೀ ಸಂಸಾರ ನಕಲು. ಆಲ್ಬಮ್ ಎಂಬುದು ನಮ್ಮಲ್ಲಿ ಮುಯ್ಯಿ ಪುಸ್ತಕದ ಎರಡನೆಯ ಸಂಪುಟ. ಒಂದರಲ್ಲಿ ಹೆಸರಿದ್ದು ಇನ್ನೊಂದರಲ್ಲಿ ಮುಖವಿಲ್ಲದಿದ್ದರೆ ಬೀಗರ ನಡುವೆ ಮುಂದಿನ ಮದುವೆಯವರೆಗೂ ಮಾತುಕತೆ ನಿಲ್ಲುತ್ತದೆ ಎಂಬುದನ್ನು ಆ ಸಾಫ್ಟ್‌ವೇರಿಗೆ ಯಾರು ಹೇಳಬೇಕು?

ಉಳಿದವರಿಗಾದರೂ ನೆಮ್ಮದಿಯಿತ್ತೇ ಎಂದರೆ ಅದೂ ಇಲ್ಲ. ಹನ್ನೆರಡಕ್ಕೆ ಮೂವತ್ತಾರು ಇಂಚಿನ ಶೀಟು ಸರಿಯಾಗಿ ಹದಿನೆಂಟನೆಯ ಇಂಚಿನಲ್ಲಿ ಮಡಚಿಕೊಳ್ಳುತ್ತದೆ. ಆ ಮಡಿಕೆಯ ಮೇಲೆ ಯಾರ ಮುಖವೂ ಬೀಳಬಾರದು ಎಂಬುದು ಈ ಕಸುಬಿನ ಮೊದಲ ಪಾಠ. ನಮ್ಮ ಸಾಫ್ಟ್‌ವೇರ್ ಚಿತ್ರದ ನಟ್ಟನಡುವೆ ಕೂತಿದ್ದ ಅಜ್ಜಿಯನ್ನು ಶೀಟಿನ ನಟ್ಟನಡುವೆಯೇ ಕೂರಿಸಿತು. ಮುತ್ತಜ್ಜಿಯಾಗುವ ಹೊತ್ತಿಗೆ ಅವರ ಮೂಗಿನ ಮೇಲೆ ಗೆರೆ ಬಿದ್ದು ಬೊಟ್ಟು ಎರಡು ಹೋಳಾಗಿರುತ್ತದೆ. ಹಿನ್ನೆಲೆಗೆ ಐಫೆಲ್ ಗೋಪುರ ತಾನಾಗಿಯೇ ಬಂತು. ದೇವರಾಯನದುರ್ಗದ ಬಂಡೆಯ ಮೇಲೆ ಬಿಸಿಲಿನಲ್ಲಿ ನಿಂತು ತೆಗೆಸಿಕೊಂಡ ಚಿತ್ರದ ಹಿಂದೆ ಪ್ಯಾರಿಸ್ಸಿನ ಸಂಜೆ!

ಕಡೆಗೆ ಮುಖಪುಟದ ಸರದಿ. ಹುಡುಗಿಗೆ ಗೊರವನಹಳ್ಳಿಯ ದೇವಿಯ ಹೆಸರನ್ನೇ ಇಟ್ಟಿದ್ದರು. ಯುವಕನು ಅದನ್ನು ಕನ್ನಡದಲ್ಲಿ ಬೆರಳಚ್ಚಿಸಿದಾಗ ‘ಲಕ್‌ಷ್‌ಮಿ’ ಎಂದು ಒತ್ತುಗಳೆಲ್ಲ ಸಾಲಾಗಿ ಮೆಟ್ಟಿಲಿಳಿದು ನಿಂತವು. ಲೋಕದ ಲಿಪಿಗಳ ಅಕ್ಷರಗಳಿಗೆ ಕಂಪ್ಯೂಟರಿನಲ್ಲಿ ಒಂದೊಂದು ಸಂಕೇತ ಕೊಡುವ ಯೂನಿಕೋಡಿನೊಳಗೆ ಕನ್ನಡವು ಬಂದದ್ದು 1991ರಲ್ಲಿ. ಅಕ್ಷರಗಳಿಗೆ ಸಂಕೇತ ಸಿಕ್ಕಿದೆ, ಆದರೆ ಅವನ್ನು ಕೂಡಿಸಿ ಒತ್ತಕ್ಷರ ಮಾಡುವ ಕೆಲಸ ಆಯಾ ಸಾಫ್ಟ್‌ವೇರಿನದು. ಫೋಟೋಶಾಪ್‌ನಲ್ಲಿಯೂ ಬಹುಕಾಲ ಇದೇ ಪಾಡಿತ್ತು. ಬಳಿಕ ಪ್ರೆಫರೆನ್ಸಸ್ ಒಳಗಿನ ಟೈಪ್ ವಿಭಾಗಕ್ಕೆ ಹೋಗಿ ‘ಮಿಡಲ್ ಈಸ್ಟರ್ನ್ ಅಂಡ್ ಸೌತ್ ಏಷ್ಯನ್’ ಎಂಬುದನ್ನು ಆರಿಸಿಕೊಂಡರೆ ಒತ್ತು ಕೂಡಿಕೊಳ್ಳುವ ಕಾಲ ಬಂತು. ಅದು ತಿಳಿಯದ ಎಷ್ಟೋ ಮಂದಿ ಈಗಲೂ ‘ನುಡಿ’ ಎಂಬ ಕನ್ನಡ ಸಾಫ್ಟ್‌ವೇರಿನ ಹಳೆಯ ಅಕ್ಷರವಿನ್ಯಾಸದಲ್ಲಿ ಹೆಸರು ಬರೆದು, ಚಿತ್ರವಾಗಿಸಿ ಅಂಟಿಸುತ್ತಾರೆ. ಈ ಹೊಸ ಸಾಫ್ಟ್‌ವೇರಿನಲ್ಲಿ ಅಂಥ ಆಯ್ಕೆ ಎಲ್ಲಿದೆಯೆಂದು ಸ್ನೇಹಿತರು ಕೇಳಿದರು. “ಇಂಗ್ಲಿಷಲ್ಲೇ ಹಾಕಿ ಸಾರ್, ಈಗ ಎಲ್ಲರೂ ಅದನ್ನೇ ಕೇಳ್ತಾರೆ” ಎಂದು ಯುವಕನು ಸಮಾಧಾನ ಹೇಳಿದನು.

ಇಷ್ಟಾದ ಮೇಲೆ ಸಭೆಯಲ್ಲಿ ಪ್ರಶ್ನೆಗಳ ಸುರಿಮಳೆಯಾಗಬೇಕಿತ್ತು. ಹಿಂದಿನ ಸಾಲಿನಿಂದ ಬಂದ ಪ್ರಶ್ನೆ ಒಂದೇ, ಅದೂ ಫೋಟೋಶಾಪ್‌ನಲ್ಲಿ ತೆರೆಯುವ ಸಿದ್ಧ ವಿನ್ಯಾಸಗಳ ಕಡತಗಳಾದ ಪಿ.ಎಸ್.ಡಿ.ಗಳ ಬಗ್ಗೆ: “ಪಿ.ಎಸ್.ಡಿ. ಎಷ್ಟು ಫ್ರೀ ಕೊಡ್ತೀರಾ?” ಯುವಕನು “50,000” ಎಂದನು. ನಿಮಿಷಕ್ಕೊಂದು ವಿನ್ಯಾಸದಂತೆ ದಿನಕ್ಕೆ 8 ಗಂಟೆ ಎವೆಯಿಕ್ಕದೆ ನೋಡಿದರೂ ಅವನ್ನು ಬರಿದೆ ನೋಡಿ ಮುಗಿಸಲು 104 ದಿನಕ್ಕೂ ಮಿಗಿಲು ಬೇಕು. ಆಷಾಢದ ಮೊದಲ ದಿನ ಕೂತವನು ಮೇಲೇಳುವ ಹೊತ್ತಿಗೆ ವಿಜಯದಶಮಿಯೂ ಕಳೆದಿರುತ್ತದೆ. ಐದೇ ನಿಮಿಷದಲ್ಲಿ ಆಲ್ಬಮ್ ಮಾಡುವ ಈ ಸಾಧನಕ್ಕೆ ಹಣ ಕೊಡಲು ಸಾಲು ನಿಂತವರ ಪೈಕಿ ನನ್ನ ಸ್ನೇಹಿತರೂ ಇದ್ದುದನ್ನು ಕಂಡು ನಾನು ಬೆರಗಾದೆ. “ಎದುರು ಸ್ಟುಡಿಯೋದವರು ತಗೊಂಡರಲ್ಲ!” ಎಂದರು. ಆಯ್ಕೆಯ ಮಾನದಂಡಗಳ ಬಗ್ಗೆ ಅಲ್ಲಿಯವರೆಗೆ ನಾನು ಓದಿಕೊಂಡಿದ್ದೆಲ್ಲ ವ್ಯರ್ಥವಾಯಿತು.

ಹೆಬ್ಬೆರಳ ಗಾತ್ರದ ಡಾಂಗಲ್ ಒಂದು ಅವರ ಕೈಸೇರಿತು. ಅದನ್ನು ಚುಚ್ಚದಿದ್ದರೆ ಸಾಫ್ಟ್‌ವೇರ್ ತೆರೆಯುವುದಿಲ್ಲ, ಕಳೆದರೆ ಮತ್ತೆ ಪೂರ್ತಿ ಬೆಲೆ. ಹೀಗಾಗಿ ಅದಕ್ಕೆ ಕುಂಕುಮವಿಟ್ಟು, ಗಲ್ಲಾಪೆಟ್ಟಿಗೆಯ ಮೇಲಿನ ದೇವರ ಪಟದ ಮೊಳೆಗೆ ದಾರ ಕಟ್ಟಿ ನೇತುಹಾಕಿದ್ದಾರೆ. ಗಿರಾಕಿಗಳು ಬಂದಾಗ ಇಳಿಸಿ, ಸಮುದ್ರದ ದಂಡೆಯ ಮದುವೆಯನ್ನು ಐದು ನಿಮಿಷದಲ್ಲಿ ಮಾಡಿ ತೋರಿಸಿ, ಮತ್ತೆ ಮೊಳೆಗೆ ಏರಿಸುತ್ತಾರೆ. ಕೊರಟಗೆರೆಯ ಆಲ್ಬಮ್ಮನ್ನು ಮಾತ್ರ ಶಟರ್ ಎಳೆದುಕೊಂಡು, ಹನ್ನೊಂದು ರಾತ್ರಿ ನಿದ್ದೆಗೆಟ್ಟು, ಹಳೆಯ ಫೋಟೋಶಾಪ್‌ನಲ್ಲಿಯೇ ಒಂದೊಂದು ಮುಖವನ್ನೂ ಮಡಿಕೆಯಿಂದ ಆಚೆ ಸರಿಸುತ್ತಾ ಮುಗಿಸಿದರು.

ಆಲ್ಬಮ್ ಒಯ್ಯಲು ಬಂದ ಹುಡುಗಿಯ ತಂದೆ ಪುಟ ಪುಟವನ್ನೂ ತಿರುವಿದರು. ಅರಿಶಿನ ಅರಿಶಿನವಾಗಿಯೇ ಇತ್ತು, ಅಜ್ಜಿಯ ಬೊಟ್ಟು ಇಡಿಯಾಗಿತ್ತು, ಮಧುಗಿರಿಯವರು ಐದು ಮಂದಿಯೂ ಇದ್ದರು. ಅವರು ಆಲ್ಬಮ್ ಮುಚ್ಚಿ, ಮುಖಪುಟದ ಮೇಲಿನ ಮಗಳ ಹೆಸರನ್ನು ಬೆರಳಿನಿಂದ ಸವರಿ, “ಯಾವ ಸಾಫ್ಟ್‌ವೇರು ಸಾರ್ ಇದು?” ಎಂದು ಕೇಳಿದರು.

ಸ್ನೇಹಿತರು ಕೆಂಪಗಾಗಿದ್ದ ಕಣ್ಣುಗಳನ್ನು ಉಜ್ಜಿಕೊಳ್ಳುತ್ತಾ ದೇವರ ಪಟದ ಕಡೆಗೆ ಕೈ ತೋರಿಸಿದರು.