ಬೂಷ್ಟಿನ ಲೆಕ್ಕ

ಪುಷ್ಯ ಮಳೆ ಹಿಡಿದ ಮೂರನೆಯ ದಿನ. ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯ ನಮ್ಮ ಊರಮನೆಯಲ್ಲಿ ಮೊಬೈಲಿಗೆ ಎರಡು ಗೆರೆ ಸಿಗ್ನಲ್ ಸಿಗುವ ಒಂದೇ ಜಾಗವಾದ ಹಲಸಿನ ಮರದ ಬುಡದಲ್ಲಿ ಕೊಡೆ ಹಿಡಿದು ನಿಂತಿದ್ದಾಗ ಜರ್ಮನಿಯ ಸ್ಟುಟ್‌ಗಾರ್ಟಿನಿಂದ ಮನೆಯೊಡತಿಯ ಪತ್ರ ಬಂತು. ಜೊತೆಗೆ ನಾಲ್ಕು ಚಿತ್ರಗಳಿದ್ದವು. ನಾವು ಮೇ ತಿಂಗಳಲ್ಲಿ ಖಾಲಿ ಮಾಡಿದ ಫ್ಲಾಟಿನ ಮಲಗುವ ಕೋಣೆಯಲ್ಲಿ, ಬೀರು ಇಟ್ಟಿದ್ದ ಮೂಲೆಯ ಗೋಡೆಗೆ ಅಂಗೈಯಗಲ ಕಪ್ಪು ಬೂಷ್ಟು. ಪಕ್ಕದಲ್ಲಿ ಅಳತೆಗೆಂದು ಹಿಡಿದ ಸ್ಕೇಲು. ನಾವು ಸರಿಯಾಗಿ ಗಾಳಿ ಆಡಿಸದೆ ವಾಸ ಮಾಡಿದ್ದರಿಂದ ಹೀಗಾಗಿದೆಯೆಂದೂ, ಅಡ್ವಾನ್ಸ್ ಹಣದಲ್ಲಿ 640 ಯೂರೋ ಮುರಿದುಕೊಳ್ಳಲಾಗುವುದೆಂದೂ, ಆಕ್ಷೇಪವಿದ್ದರೆ 14 ದಿನಗಳೊಳಗೆ ಲಿಖಿತವಾಗಿ ತಿಳಿಸಬೇಕೆಂದೂ ಬರೆದಿತ್ತು. ಅದನ್ನು ಓದುತ್ತಿದ್ದವನ ಕೊಡೆಯ ಹಿಡಿಯ ಮೇಲೆ, ಚಪ್ಪಲಿಯ ಪಟ್ಟಿಯ ಮೇಲೆ, ಒರಗಿ ನಿಂತ ಮರದ ತೊಗಟೆಯ ಮೇಲೆ ಬೂಷ್ಟೇ ಇತ್ತು.

ನಮ್ಮ ಕಡೆ ಬೂಷ್ಟಿಗೆ ವಾರಸುದಾರರಿಲ್ಲ. ವರ್ಷಕ್ಕೆ 7000 ಮಿಲಿಮೀಟರ್ ಮೀರಿ ಮಳೆ ಸುರಿಯುವ ಆಗುಂಬೆಯ ಆಸುಪಾಸಿನಲ್ಲಿ ಬೆಳೆದವರಿಗೆ ಅದು ಆರಿದ್ರೆಯ ಹೊತ್ತಿಗೆ ಬರುತ್ತದೆ, ಚಿತ್ತೆಯ ಬಿಸಿಲಿಗೆ ಹೋಗುತ್ತದೆ. ಎಸೆಸೆಲ್ಸಿ ಅಂಕಪಟ್ಟಿಯಲ್ಲಿದ್ದ ಮುಖ್ಯೋಪಾಧ್ಯಾಯರ ಸಹಿಯನ್ನು ಅರ್ಧ ತಿಂದದ್ದು ಅದೇ. ಅಪ್ಪನ ಮದುವೆಯ ಕೋಟಿನ ಬೆನ್ನಿಗೆ ಬಿಳಿಯ ನಕ್ಷೆ ಬರೆದದ್ದೂ ಅದೇ. ಮಳೆ ಹಿಡಿಯುವ ಮೊದಲೇ ಹಪ್ಪಳದ ಡಬ್ಬಿಗಳು ಒಲೆಯ ಮೇಲಿನ ಅಟ್ಟ ಸೇರುತ್ತವೆ, ಜಗಲಿಗೆ ಸೋಗೆಯ ತಟ್ಟಿ ಏರುತ್ತದೆ, ಒಗೆದ ಬಟ್ಟೆ ಬಚ್ಚಲೊಲೆಯ ಮೇಲಿನ ಬಿದಿರ ಗಳಕ್ಕೆ ಹೋಗಿ ಮೂರು ದಿನದ ಮೇಲೆ ಹೊಗೆಯ ವಾಸನೆ ಹೊತ್ತು ಇಳಿದುಬರುತ್ತದೆ. ಇಷ್ಟು ಮಾಡಿಯೂ ಬೂಷ್ಟು ಬಂದರೆ ಒರೆಸುತ್ತಾರೆಯೇ ಹೊರತು ಅದು ಯಾರಿಂದ ಬಂತೆಂದು ಕೇಳುವವರಿಲ್ಲ. ಅಡಿಕೆಗೆ ಕೊಳೆರೋಗ ಬಂದರೆ ಮಾತ್ರ, ಬೋರ್ಡೋ ದ್ರಾವಣ ಹೊಡೆಯಲು ತಡ ಮಾಡಿದ್ದು ಯಾರೆಂಬ ಮಾತು ಏಳುತ್ತದೆ. ಅದೂ ಮರ ಹತ್ತುವ ಕೊನೆಗಾರ ಸಿಗಲಿಲ್ಲವೆಂಬಲ್ಲಿಗೆ ಮುಗಿಯುತ್ತದೆ.

ಸ್ಟುಟ್‌ಗಾರ್ಟಿನಲ್ಲಿ ಬೀಳುವ ಮಳೆ ನಮ್ಮದರ ಹತ್ತನೆಯ ಒಂದು ಪಾಲೂ ಇರಲಿಕ್ಕಿಲ್ಲ. ಆದರೂ ಬೂಷ್ಟಿನ ವಿಚಾರದಲ್ಲಿ ಅಲ್ಲಿಯವರಿಗಿರುವ ಭಯ ನಮ್ಮವರಿಗೆ ಕಾಳಿಂಗನ ಮೇಲೂ ಇಲ್ಲ. ಮೊದಲ ವರ್ಷ ಬಾಡಿಗೆ ಕರಾರಿನಲ್ಲಿ ‘ಶಿಮ್ಮೆಲ್’ ಎಂಬ ಪದ ಕಂಡು ನಿಘಂಟು ತೆಗೆದಾಗ ನನ್ನ ಕಣ್ಣಿಗೆ ಬಿದ್ದ ಅರ್ಥ ಬಿಳಿ ಕುದುರೆ. ಬಾಡಿಗೆದಾರನು ಬಿಳಿ ಕುದುರೆ ಆಗದಂತೆ ನೋಡಿಕೊಳ್ಳತಕ್ಕದ್ದು ಎಂದರೆ ಪ್ರಾಣಿ ಸಾಕಬಾರದೆಂದು ಇರಬೇಕು, ನಮಗೇನು ಬಾಧಕ ಎಂದುಕೊಂಡು ಸಹಿ ಹಾಕಿದೆ. ಅದೇ ಪದಕ್ಕೆ ಬೂಷ್ಟು ಎಂಬ ಅರ್ಥವೂ ಇದೆಯೆಂದು ತಿಳಿಯಲು ಒಂದು ಚಳಿಗಾಲ ಬೇಕಾಯಿತು.

ಅಲ್ಲಿ ಮನೆಗೆ ಗಾಳಿ ಆಡಿಸುವುದು ಒಂದು ವ್ರತ. ಅದಕ್ಕೆ ‘ಶ್ಟೋಸ್‌ಲ್ಯುಫ್ಟನ್’ ಎಂಬ ಹೆಸರೂ ಉಂಟು. ಕಿಟಕಿಯನ್ನು ಓರೆ ಮಾಡಿ ದಿನವಿಡೀ ಬಿಟ್ಟರೆ ಅದು ಲೆಕ್ಕಕ್ಕಿಲ್ಲ. ದಿನಕ್ಕೆ ಎರಡು ಮೂರು ಸಲ, ಹೊರಗೆ ಹಿಮ ಬೀಳುತ್ತಿದ್ದರೂ, ಹೀಟರ್ ತಗ್ಗಿಸಿ, ಎಲ್ಲ ಕಿಟಕಿಗಳನ್ನೂ ಪೂರ್ತಿ ತೆರೆದು, ಐದರಿಂದ ಹತ್ತು ನಿಮಿಷ ಬಿಟ್ಟು ಮುಚ್ಚಬೇಕು. ಎದುರು ಮನೆಯ ಮುದುಕರು ಜನವರಿಯ ಬೆಳಿಗ್ಗೆ ಏಳಕ್ಕೆ ಕಿಟಕಿ ತೆರೆದು, ರಜಾಯಿಯನ್ನು ಚೌಕಟ್ಟಿನ ಮೇಲೆ ನೇತುಹಾಕಿ, ಸ್ವೆಟರ್ ತೊಟ್ಟು ನಿಂತಿರುವುದನ್ನು ನೋಡಿ, ಪಾಪ, ಹೀಟರ್ ಕೆಟ್ಟಿರಬೇಕೆಂದು ನಾವು ಮರುಗಿದ್ದೆವು. ನಾವಾದರೋ ಮಲೆನಾಡಿನವರು ಮಾಡುವುದನ್ನೇ ಮಾಡಿದೆವು: ಚಳಿಯಾಯಿತೆಂದು ಕಿಟಕಿ ಬಿಗಿಯಾಗಿ ಮುಚ್ಚಿದೆವು, ದಿನಕ್ಕೆರಡು ಸಲ ಅನ್ನ ಬೇಯಿಸಿದೆವು, ಬಚ್ಚಲಲ್ಲಿ ಹೊಗೆಯಾಡುವಷ್ಟು ಬಿಸಿನೀರು ಹೊಯ್ದುಕೊಂಡೆವು, ಮಗುವಿನ ಬಟ್ಟೆಗಳನ್ನು ಮಲಗುವ ಕೋಣೆಯ ಹೀಟರಿನ ಮೇಲೆ ಸಾಲಾಗಿ ಹರವಿದೆವು.

ಇಲ್ಲಿಯೇ ನಮ್ಮ ಬುದ್ಧಿ ಕೈಕೊಟ್ಟಿತು. ಮಳೆಗಾಲದ ಮಲೆನಾಡಿನಲ್ಲಿ ಹೊರಗಿನ ಗಾಳಿ ನೀರು ಕುಡಿದು ತುಂಬಿರುತ್ತದೆ. ಕಿಟಕಿ ತೆರೆದರೆ ಹಸಿ ಒಳಗೆ ಬರುತ್ತದೆಯೇ ವಿನಾ ಹೊರಗೆ ಹೋಗುವುದಿಲ್ಲ, ಆದ್ದರಿಂದ ಮುಚ್ಚಿಟ್ಟು ಒಲೆ ಉರಿಸುವುದೇ ಸರಿಯಾದ ಉಪಾಯ. ಅಲ್ಲಿಯ ಚಳಿಗಾಲದಲ್ಲಿ ನ್ಯಾಯ ತಿರುಗುಮುರುಗು. ತಣ್ಣನೆಯ ಗಾಳಿಗೆ ನೀರನ್ನು ಹೊರುವ ಶಕ್ತಿ ಕಡಿಮೆಯಾದ್ದರಿಂದ, ಹೊರಗೆ ಎಷ್ಟೇ ಮಂಜು ಮುಸುಕಿದ್ದರೂ ಆ ಗಾಳಿಯಲ್ಲಿರುವ ನೀರು ಅಲ್ಪ. ಅದು ಒಳಗೆ ಬಂದು ಬೆಚ್ಚಗಾದಾಗ ಕೋಣೆಯ ಹಸಿಯನ್ನೆಲ್ಲ ಹೀರಿಕೊಂಡು, ಮುಂದಿನ ಸಲ ಕಿಟಕಿ ತೆರೆದಾಗ ಹೊತ್ತುಕೊಂಡು ಹೋಗುತ್ತದೆ. ತೆರೆಯದಿದ್ದರೆ ಆ ಹಸಿ ಬೀರುವಿನ ಹಿಂದಿನ ತಣ್ಣನೆಯ ಗೋಡೆಗೆ ತಾಗಿ, ತಣ್ಣೀರು ತುಂಬಿದ ಚೊಂಬಿನ ಹೊರಮೈಯಂತೆ ಹನಿಯುತ್ತದೆ. ಹನಿದಲ್ಲಿ ಬೂಷ್ಟು ಕೂರುತ್ತದೆ. ಅದೇ ಜರ್ಮನರು ಬೇಸಿಗೆಯ ಮಧ್ಯಾಹ್ನ ತಮ್ಮ ನೆಲಮಾಳಿಗೆಯ ಕಿಟಕಿಯನ್ನು ತೆರೆಯುವುದಿಲ್ಲ. ಅಲ್ಲಿ ಅವರು ನಮ್ಮ ಅಜ್ಜಿಯ ಶಾಸ್ತ್ರವನ್ನೇ ಪಾಲಿಸುತ್ತಾರೆಂಬುದನ್ನು ಕಂಡು ನನಗೆ ಸಣ್ಣ ಸಮಾಧಾನವಾದದ್ದುಂಟು.

ನನ್ನ ಸಿಟ್ಟು ಭೌತಶಾಸ್ತ್ರದ ಮೇಲಲ್ಲ, ಪತ್ರದ ಮೇಲೆ. ಮನೆಯೊಡತಿ ಇದ್ದದ್ದು ನಮ್ಮ ತಲೆಯ ಮೇಲಿನ ಮಹಡಿಯಲ್ಲಿ. ನಮ್ಮ ಮಗು ಅವರ ಮನೆಯ ಬೆಕ್ಕಿನೊಡನೆ ಆಡಿದೆ, ದೀಪಾವಳಿಗೆ ನಾವು ಕೊಟ್ಟ ಕಾಯಿಹೋಳಿಗೆಯನ್ನು ಅವರು ಚಾಕು ಫೋರ್ಕಿನಲ್ಲಿ ತಿಂದು ಹೊಗಳಿದ್ದಾರೆ. ಆದರೂ ಬಚ್ಚಲ ಕಿಟಕಿಯ ಗಾಜಿನಲ್ಲಿ ನೀರು ಇಳಿಯುತ್ತಿದೆಯೆಂದು ಹೇಳಬೇಕಾದಾಗ ಎಂಟು ಮೆಟ್ಟಿಲು ಇಳಿದು ಬಾಗಿಲು ಬಡಿಯದೆ, ಟಪಾಲು ಪೆಟ್ಟಿಗೆಗೆ ದಿನಾಂಕ ಹಾಕಿದ ಪತ್ರ ಇಳಿಬಿಟ್ಟರು. ನಮ್ಮೂರಿನಲ್ಲಾದರೆ ಪಕ್ಕದ ಮನೆಯವರು ಬೇಲಿಯಾಚೆಯಿಂದ, ‘ಎಂಥದಾ, ಬಟ್ಟೆ ಒಳಗೇ ಒಣಗಿಸ್ತೀರಂತೆ, ಗೋಡೆ ಹಾಳಾಗ್ತದೆ ಮಾರಾಯ’ ಎಂದು ಕೂಗಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು, ಅಥವಾ ಮುಗಿಯದೆ ಎರಡು ತಲೆಮಾರು ನಡೆಯುತ್ತಿತ್ತು, ಪತ್ರವಂತೂ ಬರುತ್ತಿರಲಿಲ್ಲ. ಎರಡನೆಯ ಚಳಿಗಾಲದಲ್ಲಿ ಅವರೇ ಒಂದು ಪುಟ್ಟ ತೇವಾಂಶ ಮಾಪಕವನ್ನು ತಂದು ನಮ್ಮ ಊಟದ ಮೇಜಿನ ಮೇಲಿಟ್ಟು, ಅಂಕಿ 60 ದಾಟಬಾರದೆಂದರು. ನಮ್ಮ ಊಟದ ಮೇಜಿನ ಮೇಲೆ, ನಮ್ಮ ಸಾರಿನ ಪಾತ್ರೆಯ ಪಕ್ಕದಲ್ಲಿ! ಸಾರು ಕುದಿಯುವಾಗ ಅದು 71 ತೋರಿಸಿತು. ಮನೆಗೆ ಬಂದ ನೆಂಟರ ಎದುರು ಮಗು ಸುಳ್ಳು ಹೇಳಿ ಸಿಕ್ಕಿಬಿದ್ದಾಗ ಆಗುವಂಥ ನಾಚಿಕೆ ನನಗಾಯಿತು.

ಮನೆ ಬಿಡುವ ದಿನ ಮೂಲೆಯ ಕಲೆ ಕಂಡಾಗ, ನಾನೇ ಬಣ್ಣ ಹೊಡೆಸಿಕೊಡುತ್ತೇನೆ ಎಂದೆ. ಅವರು ತಲೆಯಾಡಿಸಿ, ಬಣ್ಣದ ಕೆಳಗೂ ಅದು ಬದುಕಿರುತ್ತದೆ ಎಂದಷ್ಟೇ ಹೇಳಿದರು.

ಗೆಳೆಯರು ಬಾಡಿಗೆದಾರರ ಸಂಘಕ್ಕೆ ಹೋಗು, ಕಟ್ಟಡದ ದೋಷವಿಲ್ಲವೆಂದು ಮೊದಲು ತೋರಿಸಬೇಕಾದವರು ಮಾಲೀಕರೇ ಎಂದರು. ಕಟ್ಟಡ 1960ರ ದಶಕದ್ದು. ಸಂದು ಬಿಡುತ್ತಿದ್ದ ಹಳೆಯ ಮರದ ಕಿಟಕಿಗಳನ್ನು ಕಿತ್ತು, ಇರುವೆಯ ಉಸಿರೂ ನುಸುಳದ ಪ್ಲಾಸ್ಟಿಕ್ ಕಿಟಕಿ ಕೂರಿಸಿ, ಗೋಡೆಯನ್ನು ಮಾತ್ರ ಮೊದಲಿನಂತೆ ತೆಳ್ಳಗೆ ಬಿಟ್ಟವರು ನಾವಲ್ಲ. ಆದರೆ ಅಲ್ಲಿಯ ಅತ್ಯುನ್ನತ ನ್ಯಾಯಾಲಯ 2018ರ ಡಿಸೆಂಬರಿನಲ್ಲೇ, ಕಟ್ಟಿದ ಕಾಲದ ನಿಯಮಕ್ಕೆ ಸರಿಯಾಗಿದ್ದರೆ ಹಳೆಯ ಕಟ್ಟಡದ ತಣ್ಣನೆಯ ಮೂಲೆಗಳು ದೋಷವೆನಿಸುವುದಿಲ್ಲವೆಂದು ಹೇಳಿಬಿಟ್ಟಿದೆಯಂತೆ. ಕಿಟಕಿ ತೆರೆಯುವ ವಿಚಾರ ದೇಶದ ಅತ್ಯುನ್ನತ ನ್ಯಾಯಾಲಯದವರೆಗೆ ಹೋಗುವ ಊರಿನಲ್ಲಿ ಬದುಕುವುದು ಹೇಗೆ ಎಂದು ಹಲಸಿನ ಮರದ ಬುಡದಿಂದಲೇ ಒಂದು ಕಟುವಾದ ಉತ್ತರವನ್ನು ಮನಸ್ಸಿನಲ್ಲಿ ಬರೆದುಕೊಂಡು ಒಳಗೆ ಬಂದೆ.

ಅಮ್ಮ ಮಲಗುವುದು ಈಗ ಹೊಸ ಕೋಣೆಯಲ್ಲಿ. ಮಂಡಿನೋವಿನವರಿಗೆ ಹೊರಗಿನ ಬಚ್ಚಲಿಗೆ ಓಡಾಡುವುದು ಕಷ್ಟವೆಂದು, ಐದು ವರ್ಷದ ಹಿಂದೆ ನಾನೇ ಹಣ ಕಳಿಸಿ ಹೆಂಚಿನ ಮನೆಯ ಪಡುವಣ ಪಕ್ಕಕ್ಕೆ ಆರ್‌ಸಿಸಿ ಕೋಣೆ ಕಟ್ಟಿಸಿದೆ: ಜೊತೆಗೇ ಬಚ್ಚಲು, ಹಂಡೆಯ ಬದಲು ಗೀಸರ್, ಅಲ್ಯೂಮಿನಿಯಂ ಚೌಕಟ್ಟಿನಲ್ಲಿ ಜಾರುವ ಗಾಜು, ಗೋಡೆಗೆ ತೊಳೆಯಬಹುದಾದ ಬಣ್ಣ. ಅಂದು ಮಂಚವನ್ನು ಸರಿಸಿ ಟಾರ್ಚು ಬಿಟ್ಟು ನೋಡಿದೆ. ಅಂಗೈಯಗಲವಲ್ಲ, ಮಂಚದುದ್ದಕ್ಕೂ ಕಪ್ಪು ಹಬ್ಬಿತ್ತು. ತಲೆದಿಂಬಿನ ಕಡೆ ಹೆಚ್ಚು. ಅಮ್ಮನಿಗೆ ಎರಡು ಮಳೆಗಾಲದಿಂದ ಬಿಡದ ಕೆಮ್ಮು, ಕಳೆದ ವರ್ಷದಿಂದ ಇನ್‌ಹೇಲರ್. ಅದನ್ನು ನಾವೆಲ್ಲ ವಯಸ್ಸಿನ ಖಾತೆಗೆ ಬರೆದಿದ್ದೆವು. ಹಳೆಯ ಮನೆಯಲ್ಲಿ ಹೆಂಚಿನ ಸಂದುಗಳಿಂದ ಗಾಳಿ ಓಡಾಡುತ್ತಿತ್ತು, ಒಲೆಯ ಕಾವು ಅಟ್ಟದವರೆಗೆ ಏರುತ್ತಿತ್ತು. ಈ ಕೋಣೆಯಲ್ಲಿ ಸಂದೂ ಇಲ್ಲ, ಕಾವೂ ಇಲ್ಲ. ಪ್ಲಾಸ್ಟಿಕ್ ಕಿಟಕಿ ಕೂರಿಸಿದವರನ್ನು ಅರ್ಧ ಗಂಟೆ ಮೊದಲು ಬೈದಿದ್ದೆನಲ್ಲ!

ಸ್ಟುಟ್‌ಗಾರ್ಟಿನ ಮಾಪಕವನ್ನು, ಯಾಕೋ, ಸೂಟ್‌ಕೇಸಿನಲ್ಲಿ ತಂದಿದ್ದೆ. ಅಮ್ಮನ ತಲೆದಿಂಬಿನ ಪಕ್ಕ ಇಟ್ಟರೆ 91 ತೋರಿಸಿತು. ಅಮ್ಮ ಅದನ್ನು ಗಡಿಯಾರವೆಂದುಕೊಂಡು, ಹೊತ್ತು ತಪ್ಪು ತೋರಿಸ್ತದಲ್ಲ ಎಂದಳು. ಕಿಟಕಿ ತೆರೆಯಲು ಹೋದವನಿಗೆ, ‘ಈ ಮಳೇಲಿ ತೆಗೆದ್ರೆ ಹಾಸಿಗೆ ಹಿಂಡಬೇಕಾಗ್ತದೆ ನೋಡು’ ಎಂದಳು. ಅವಳು ಹೇಳಿದ್ದೇ ಸರಿ. ಹಾಗಾದರೆ ಏನು ಮಾಡಬೇಕೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ನನಗಾದರೆ ಕರಾರಿನಲ್ಲಿ ಒಂದು ಪುಟ ಬರೆದುಕೊಟ್ಟಿದ್ದರು, ಮೇಜಿನ ಮೇಲೆ ಮಾಪಕ ತಂದಿಟ್ಟಿದ್ದರು, ಮೂರು ತಿಂಗಳ ಬಾಡಿಗೆಗಿಂತ ಹೆಚ್ಚು ಅಡ್ವಾನ್ಸ್ ಕೇಳಬಾರದೆಂಬ ಕಾನೂನಿಗೆ ತಲೆಬಾಗಿದ್ದರು. ಬೆಂಗಳೂರಿನಲ್ಲಿ ಹತ್ತು ತಿಂಗಳದ್ದು ಕೊಟ್ಟು, ಬಿಡುವಾಗ ಪೇಂಟಿಂಗ್ ಖರ್ಚೆಂದು ಒಂದು ತಿಂಗಳದ್ದನ್ನು ಸದ್ದಿಲ್ಲದೆ ಕಳೆದುಕೊಂಡವನು ಇದನ್ನು ಒಪ್ಪಬೇಕಾಗುತ್ತದೆ, ಒಪ್ಪಲು ಮನಸ್ಸಿಲ್ಲದಿದ್ದರೂ.

ಮತ್ತೆ ಹಲಸಿನ ಮರದ ಬುಡಕ್ಕೆ ಹೋಗಿ, ಕೋಣೆ ಕಟ್ಟಿದ ಮೇಸ್ತ್ರಿಗೆ ಫೋನ್ ಮಾಡಿ, ಗೋಡೆಯೆಲ್ಲ ಕಪ್ಪಾಗಿದೆ, ಇದು ಹೇಗಾಯಿತು, ಯಾರು ನೋಡಬೇಕಿತ್ತು ಎಂದು ಕೇಳಿದೆ. ಕೇಳುವಾಗ ನನ್ನ ದನಿ ನನಗೇ ಮನೆಯೊಡತಿಯದರಂತೆ ಕೇಳಿಸಿತು. ಆತ ಬಹಳ ಸಮಾಧಾನದಿಂದ, ‘ಮಳೆಗಾಲ ಅಲ್ವಾ ಅಯ್ಯ, ಎಲ್ರ ಮನೇಲೂ ಉಂಟು. ಮಳೆ ಬಿಡ್ಲಿ, ಒಂದು ಕೋಟು ಬಣ್ಣ ಹೊಡೆದುಕೊಡ್ತೀನಿ’ ಎಂದ.